ಉಣ್ಣೆ ಕತ್ತರಿಸುವ ವರ

ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ಶಿಲ್ಪ ಅಡಿಗೆಮನೆಯ ಹೊಸಿಲು ದಾಟುವುದಕ್ಕೂ, ಈರೇಶನ ಸೋದರಮಾವ ಗಾದ್ರಪ್ಪ ಆ ಸುಳ್ಳು ಹೇಳುವುದಕ್ಕೂ ಸರಿಹೋಯಿತು.

“ನಮ್ಮ ಹುಡುಗ ನ್ಯೂಜಿಲೆಂಡಲ್ಲಿ ವುಲ್ ಕಂಪನಿ ಪ್ರೊಡಕ್ಷನ್ ಮ್ಯಾನೇಜರು. ಕೈಕೆಳಗೆ ನಲವತ್ತು ಜನ ಅದಾರೆ.”

ಈರೇಶ ಬೆಚ್ಚಿ ಮಾವನ ಮುಖ ನೋಡಿದ. ಗಾದ್ರಪ್ಪ ಅವನ ಕಡೆ ತಿರುಗಲೇ ಇಲ್ಲ. ಎದುರಿನ ಸೋಫಾದಲ್ಲಿ ಕುಳಿತಿದ್ದ ಹುಡುಗಿಯ ಅಪ್ಪ ಚಿಕ್ಕೀರಪ್ಪ ಮೀಸೆಯ ಮೇಲೆ ಬೆರಳಾಡಿಸಿ ತೃಪ್ತಿಯಿಂದ ತಲೆದೂಗಿದರು. ಚಳ್ಳಕೆರೆಯಲ್ಲಿ ಅವರದು ಸಿಮೆಂಟು, ಕಬ್ಬಿಣದ ದೊಡ್ಡ ಅಂಗಡಿ. ಮನೆ ಹೊಸದು, ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಗ್ರಾನೈಟು.

“ಒಳ್ಳೇದೇ ಆತು. ನಾವೂ ಮೊದ್ಲಿಂದ ಬಿಸಿನೆಸ್ಸಿನವರೇ. ನಮ್ಮಪ್ಪನ ಕಾಲದಿಂದ,” ಅಂದರು ಚಿಕ್ಕೀರಪ್ಪ.

ಮೊದಲನೆಯ ಸುಳ್ಳನ್ನು ಈರೇಶ ಹೇಗೋ ನುಂಗುತ್ತಿದ್ದನೇನೋ. ಎರಡನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು. ಅವನಿಗೆ ಏಳು ವರ್ಷವಿದ್ದಾಗ ಇದೇ ಚಿಕ್ಕೀರಪ್ಪನ ಹೆಗಲ ಮೇಲೆ ಕುಳಿತು ವರವು ಕಾವಲಿನ ಹುಲ್ಲುಗಾವಲನ್ನೆಲ್ಲ ನೋಡಿದ್ದ. ಈರೇಶನ ಅಪ್ಪ ದೊಡ್ಡೀರಪ್ಪ, ಈ ಚಿಕ್ಕೀರಪ್ಪ ಇಬ್ಬರೂ ಒಂದೇ ಮಂದೆಯ ಹಿಂದೆ ಕುರಿ ಕಾದವರು. ಒಂದೇ ಬುತ್ತಿಯ ರೊಟ್ಟಿ ಮುರಿದವರು. ಮಳೆ ಬಂದರೆ ಒಂದೇ ಕಂಬಳಿಯ ಕೊಪ್ಪೆಯೊಳಗೆ ಮೈಗೆ ಮೈ ಅಂಟಿಸಿ ಕುಳಿತವರು. ದೊಡ್ಡೀರಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಸತ್ತವನನ್ನು ಇವರು ಈಗ ಮತ್ತೊಂದು ಸಲ ಹೂತರು ಅನ್ನಿಸಿತು ಈರೇಶನಿಗೆ.

“ನಾನು ಮ್ಯಾನೇಜರ್ ಅಲ್ಲ,” ಅಂದುಬಿಟ್ಟ. “ಕುರಿ ಉಣ್ಣೆ ಕತ್ತರಿಸ್ತೀನಿ. ದಿನಕ್ಕೆ ಇನ್ನೂರು ಇನ್ನೂರೈವತ್ತು ಕುರಿ. ನಿಮಗೆ ಗೊತ್ತಿರೋ ಕೆಲ್ಸನೇ.”

ಪಕ್ಕದಲ್ಲಿದ್ದ ಅವ್ವ ಮೂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಗಾದ್ರಪ್ಪ ಕೆಮ್ಮಿದ.

ಶಿಲ್ಪ ನಡುಮನೆಯ ಮಧ್ಯದಲ್ಲೇ ನಿಂತಿದ್ದಳು. ಹಸಿರು ಅಂಚಿನ ಮೊಳಕಾಲ್ಮೂರು ಸೀರೆ, ಕಿವಿಯಲ್ಲಿ ಸಣ್ಣ ಓಲೆ. ಹುಡುಗಿ ನೋಡುವ ಶಾಸ್ತ್ರದಲ್ಲಿ ಹುಡುಗಿಯರು ನೆಲ ನೋಡುತ್ತಾರೆ ಎಂದು ಈರೇಶ ತಿಳಿದಿದ್ದ. ಇವಳು ನೆಟ್ಟಗೆ ಅವನನ್ನೇ ನೋಡುತ್ತಿದ್ದಳು. ಒಂದು ಹುಬ್ಬು ಮೇಲಕ್ಕೆ ಹೋಗಿತ್ತು, ತುಟಿಯ ಬಲತುದಿ ಸಣ್ಣಗೆ ಅದುರಿತು. ನಗು ತಡೆಯುತ್ತಿದ್ದಾಳೋ, ಕೋಪ ತಡೆಯುತ್ತಿದ್ದಾಳೋ ತಿಳಿಯಲಿಲ್ಲ. ಬಂದವಳೇ ಅವನ ಮುಂದೆ ತಟ್ಟೆಯನ್ನು ಚಮಚ ಹಾರುವಂತೆ ಕುಕ್ಕಿದಳು.

“ತಿನ್ರಿ. ಆರಿಹೋಗ್ತೈತೆ.”

ಕಾರಿನಲ್ಲಿ ಊರಿಗೆ ವಾಪಸಾಗುವಾಗ ಗಾದ್ರಪ್ಪನ ಬಾಯಿ ನಿಲ್ಲಲಿಲ್ಲ. “ಲೇ, ಕುರಿ ಬೋಳಿಸ್ತಾನೆ ಅಂತ ಹೇಳಿ ಹೆಣ್ಣು ಕೇಳಕ್ಕಾಗ್ತೈತೇನಲೇ? ಫಾರಿನ್ನು ಅಂದ್ರೆ ಜನಕ್ಕೆ ಒಂದು ಅಂದಾಜು ಇರ್ತೈತೆ. ಅದನ್ನ ಕೆಡಿಸ್ಬಾರ್ದು!”

“ಬೋಳಿಸೋದಲ್ಲ ಮಾವ, ಕತ್ತರಿಸೋದು.”

“ಎರಡಕ್ಕೂ ಏನಲೇ ವ್ಯತ್ಯಾಸ?”

“ಮರ್ಯಾದೆ,” ಅಂದ ಈರೇಶ.

*

ತಳಕಿನ ಹತ್ತಿರದ ತಮ್ಮ ಹಟ್ಟಿಯಲ್ಲಿ ಆ ವಾರ ಈರೇಶ ಕಂಡದ್ದಕ್ಕೆಲ್ಲ ಸಿಡುಕಿದ.

ಪಶುಪಾಲನೆ ಡಿಪ್ಲೊಮಾ ಮುಗಿಸಿ ಹಾಲಿನ ಡೇರಿಯ ಕೆಲಸಕ್ಕೆಂದು ನ್ಯೂಜಿಲೆಂಡಿಗೆ ಹೋದವನು ಅವನು. ಅಲ್ಲಿ ದನದ ಕೊಟ್ಟಿಗೆಗಿಂತ ಕುರಿಯ ಶೆಡ್ಡೇ ಅವನನ್ನು ಕರೆಯಿತು. ಎರಡು ವರ್ಷಕ್ಕೆ ಉಣ್ಣೆ ಕತ್ತರಿಸುವ ಮೆಷಿನ್ ಹಿಡಿದ. ಈರೇಶ ಅನ್ನಲು ಬಾರದ ಜೊತೆಗಾರರು “ಐರಿಷ್, ಐರಿಷ್” ಎಂದು ಕರೆದರು. ಆ ಹೆಸರಿಗೂ ಒಗ್ಗಿಕೊಂಡ. ಬಿಳಿಯರೆಲ್ಲ ದೇವರಲ್ಲ ಎಂಬುದೂ ಬೇಗ ತಿಳಿಯಿತು. ಬಾಡಿಗೆಗೆ ಮನೆ ಕೇಳಲು ಹೋದಾಗ ಅವನ ಮುಖ ನೋಡಿ ಬಾಗಿಲು ಹಾಕಿಕೊಂಡವರೂ ಇದ್ದರು. ಆದರೆ ಒಂದು ಮಾತು. ಅವನ ಫಾರ್ಮಿನ ಯಜಮಾನ ಕುರಿಹಿಕ್ಕೆ ಮೆತ್ತಿದ ಬೂಟಿನಲ್ಲೇ ಬ್ಯಾಂಕಿಗೆ ಹೋಗುತ್ತಿದ್ದ. ಅಲ್ಲಿ ಟೈ ಕಟ್ಟಿದ ಮ್ಯಾನೇಜರು ಎದ್ದುನಿಂತು ಕೈಕುಲುಕುತ್ತಿದ್ದ. ಉಣ್ಣೆ ಕತ್ತರಿಸುವ ಸ್ಪರ್ಧೆಗೆ ಜನ ಟಿಕೆಟ್ ತೆಗೆದುಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ಸಲ ಅದನ್ನು ನೋಡಿದ ದಿನ ಈರೇಶ ಶೆಡ್ಡಿನ ಹಿಂದೆ ಹೋಗಿ ಅಪ್ಪನನ್ನು ನೆನೆದು ಅತ್ತಿದ್ದ.

ಇಲ್ಲಿ? ತಳಕಿನ ರಸ್ತೆ ಬದಿಯ ಹಳ್ಳದಲ್ಲಿ ಮೂಟೆಗಟ್ಟಲೆ ಉಣ್ಣೆ ಬಿದ್ದಿತ್ತು. ಕೊಳ್ಳುವವರಿಲ್ಲವೆಂದು ಯಾರೋ ಸುರಿದು ಹೋಗಿದ್ದರು. ಒಂದು ರಾಶಿಗೆ ಬೆಂಕಿಯನ್ನೂ ಇಟ್ಟಿದ್ದರು. ಕೂದಲು ಸುಟ್ಟ ವಾಸನೆಗೆ ಬೈಕಿನವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಬಟ್ಟೆ ಅಂಗಡಿಯವನು ಅವನಿಗೆ ಪಾಲಿಯೆಸ್ಟರ್ ರಗ್ಗು ತೋರಿಸಿ, “ಸಾಫ್ಟ್ ಐತೆ ಸರ್, ಉಣ್ಣೆ ಥರ ಚುಚ್ಚಲ್ಲ,” ಅಂದ. ಈರೇಶ ಅವನ ಜೊತೆ ಹತ್ತು ನಿಮಿಷ ವಾದಕ್ಕೆ ಬಿದ್ದ. ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ್ದು ಮನೆಯ ಹಿತ್ತಿಲಲ್ಲಿ ಕಂಡ ದೃಶ್ಯ. ಅಪ್ಪನ ಕರಿಕಂಬಳಿಯನ್ನು ನಾಲ್ಕು ತುಂಡು ಮಾಡಿ ವಾಷಿಂಗ್ ಮೆಷಿನ್ನಿನ ಕಾಲಡಿಗೆ ತುರುಕಲಾಗಿತ್ತು.

“ಅವ್ವ, ಏನಿದು?”

“ಕುಣೀತೈತೆ ಕಣಪ್ಪ ಅದು, ತಿರುಗುವಾಗ. ಕಂಬಳಿ ಇಟ್ಟ ಮ್ಯಾಲೆ ತಣ್ಣಗೆ ನಿಂತೈತೆ.”

“ಅಪ್ಪನ ಕಂಬಳಿ ಅವ್ವ!”

“ಗೊತ್ತು. ನಾನೇ ಹೊದ್ದಿದೀನಿ ಅದನ್ನ.” ಮೂಗಮ್ಮನ ದನಿ ಗಡುಸಾಯಿತು. “ಇಲಿ ಕಡಿದು ತೂತು ಬಿದ್ದಿತ್ತು. ಆರು ವರ್ಷ ಅಲ್ಲಿ ಇದ್ದು ಬಂದು ಇಲ್ಲಿ ಎಲ್ಲಾ ಹಂಗೇ ಇರ್ಬೇಕು ಅಂದ್ರೆ ಹೆಂಗೆ?”

ಅವನ ಸಿಟ್ಟು ಇಳಿಯಲಿಲ್ಲ. ಎಂಥ ದೇಶ ಎಂಥದಾಗಿ ಹೋಯಿತು ಎಂದು ಮನಸ್ಸಿನಲ್ಲೇ ಭಾಷಣ ಬಿಗಿಯುತ್ತ ಕುಳಿತಿದ್ದಾಗ ಶುಕ್ರವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಮೆಸೇಜ್ ಬಂತು.

‘ನಾಳೆ ಸ್ಕೂಲ್ ಅರ್ಧ ದಿನ. ಹನ್ನೆರಡೂವರೆಗೆ ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿಗೆ ಬನ್ನಿ. ನಿಮ್ಮ ಹತ್ತಿರ ಜಗಳ ಆಡೋದಿದೆ. – ಶಿಲ್ಪ’

ಈರೇಶ ಅದನ್ನು ಮೂರು ಸಲ ಓದಿದ. ಹುಡುಗಿಯೊಬ್ಬಳು ಇಷ್ಟು ಶಿಸ್ತಾಗಿ ಜಗಳಕ್ಕೆ ಟೈಮ್ ಕೊಟ್ಟದ್ದನ್ನು ಅವನು ಯಾವ ದೇಶದಲ್ಲೂ ಕಂಡಿರಲಿಲ್ಲ.

*

ಅವಳು ಸ್ಕೂಟಿಯ ಮೇಲೆ ಹೆಲ್ಮೆಟ್ ಸಮೇತ ಕಾಯುತ್ತಿದ್ದಳು. ಮೊಳಕಾಲ್ಮೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಬೆರಳಿಗೆ ಇನ್ನೂ ಚಾಕ್‌ಪೀಸಿನ ಪುಡಿ ಅಂಟಿತ್ತು.

“ಹತ್ತಿ.”

“ಎಲ್ಲಿಗೆ?”

“ಜಗಳಕ್ಕೆ ಜಾಗ ಬ್ಯಾಡ್ವಾ? ಇಲ್ಲಿ ತುಂಬ ನನ್ನ ಸ್ಟೂಡೆಂಟ್ಸ್ ಅದಾರೆ.”

ಈರೇಶ ಹಿಂದೆ ಕುಳಿತ. ನಡುವೆ ಅವಳ ಬ್ಯಾಗು. ಗಾಳಿಗೆ ಅವಳ ದುಪಟ್ಟಾ ಹಾರಿ ಅವನ ಮುಖಕ್ಕೆ ಬಡಿಯುತ್ತಿತ್ತು. ತೆಗೆಯಬೇಕೋ ಬೇಡವೋ ತಿಳಿಯದೆ ಅದರೊಳಗಿಂದಲೇ ಉಸಿರಾಡಿದ. ಕನ್ನಡಿಯಲ್ಲಿ ಅವಳ ಕಣ್ಣು ಒಂದು ಸಲ ಇಣುಕಿತು.

“ಐರಿಷ್ ಅವರೇ, ಉಸಿರು ಕಟ್ಟುತ್ತಿದ್ರೆ ಹೇಳ್ರಿ.”

“ಆ ಹೆಸರು ನಿಮಗೆ ಹೆಂಗೆ ಗೊತ್ತು?”

“ನಿಮ್ಮ ಇನ್‌ಸ್ಟಾಗ್ರಾಂ ಪೂರ್ತಿ ನೋಡಿದೀನಿ. ಫ್ರೆಂಡ್ಸ್ ಎಲ್ಲ ಹಂಗೇ ಕರೀತಾರಲ್ಲ.”

ಅವನ ಎದೆ ಹಗುರಾಯಿತು. ಅದು ಬಹಳ ಹೊತ್ತು ಉಳಿಯಲಿಲ್ಲ.

ಸಿದ್ದಾಪುರದ ಹಾದಿಯಲ್ಲಿ ಬಂಡೆಗಳು ಒಂದರ ಮೇಲೊಂದು ಕುಳಿತ ಕಡೆ ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿ, ಕೂದಲು ಸರಿಮಾಡಿಕೊಂಡು ಅವಳು ಶುರುಮಾಡಿದಳು.

“ನಮ್ಮಪ್ಪನ್ನ ನಮ್ಮನೇಲೇ ಯಾಕೆ ಅವಮಾನ ಮಾಡಿದ್ರಿ?”

“ಅವಮಾನ ಮಾಡಿದ್ದು ಅವರು. ಅವರ ಅಪ್ಪನಿಗೆ, ನಮ್ಮಪ್ಪನಿಗೆ. ಕುರಿ ಕಾದ ಕೈ ಅದು. ಹೇಳ್ಕೊಳ್ಳೋಕೆ ನಾಚ್ಕೆ ಯಾಕೆ? ಅಲ್ಲಿ ನೋಡ್ರಿ, ನಮ್ಮ ಯಜಮಾನ ಕುರಿ ಬೂಟಲ್ಲೇ ಬ್ಯಾಂಕಿಗೆ ಹೋಗ್ತಾನೆ. ಇಲ್ಲಿ ನಾವು ಉಣ್ಣೆ ಸುಡ್ತೀವಿ, ಕಂಬಳಿ ಕುಯ್ದು ಮೆಷಿನ್ ಕಾಲಿಗೆ ಇಡ್ತೀವಿ. ನಮ್ಮದು ಅನ್ನೋದೇ ಉಳಿದಿಲ್ಲ ಈ ಊರಲ್ಲಿ.”

“ಮುಗೀತಾ?”

“ಇನ್ನೂ ಐತೆ.”

“ಇರ್ಲಿ, ನಾನೊಂದು ಕೇಳ್ತೀನಿ.” ಶಿಲ್ಪ ಫೋನ್ ತೆಗೆದು ಅವನ ಮುಖಕ್ಕೆ ಹಿಡಿದಳು. “ಆರು ವರ್ಷ. ಇನ್ನೂರ ಹನ್ನೆರಡು ಫೋಟೊ. ಸರೋವರ ಐತೆ, ಹಿಮ ಐತೆ, ಬಾಡಿಗೆ ಕಾರಿನ ಮುಂದೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಿಂತಿರೋದು ಐತೆ. ಒಂದು ಕುರಿ ತೋರಿಸ್ರಿ. ಒಂದೇ ಒಂದು.”

ಈರೇಶ ಫೋನಿನಿಂದ ಕಣ್ಣು ತೆಗೆದ.

“ಇಲ್ಲ. ಯಾಕಂದ್ರೆ ಈ ಊರಿನವರು ನೋಡ್ತಾರೆ ಅಂತ ನಿಮಗೂ ಗೊತ್ತಿತ್ತು. ಆರು ವರ್ಷ ನೀವು ಮುಚ್ಚಿಟ್ರಿ. ಐದು ನಿಮಿಷ ಧೈರ್ಯ ಬಂತು ಅಂತ ನಮ್ಮಪ್ಪನ ಮೇಲೆ ತೀರಿಸ್ಕೊಂಡ್ರಿ.”

ಬಂಡೆಯ ಕಾವು ಚಪ್ಪಲಿ ದಾಟಿ ಬರುತ್ತಿತ್ತು. ಈರೇಶ ತಲೆ ತಗ್ಗಿಸಿದ. ಒಂದು ವಾರದಿಂದ ಊರಿನ ಮೇಲೆ ಎಸೆದ ಕಲ್ಲೆಲ್ಲ ತಿರುಗಿ ಬಂದು ತನಗೇ ತಾಗಿದಂತಾಗಿತ್ತು.

ಅವಳು ಬಿಡಲಿಲ್ಲ. ದನಿ ಮಾತ್ರ ತಗ್ಗಿತು. “ನಾನು ಆರನೇ ಕ್ಲಾಸಲ್ಲಿದ್ದಾಗ ಅಪ್ಪ ನನ್ನ ಚಳ್ಳಕೆರೆಯ ಒಂದು ದೊಡ್ಡ ಸ್ಕೂಲಿಗೆ ಹಾಕಿದ್ರು. ಅಪ್ಪ ಏನು ಮಾಡ್ತಾರೆ ಅಂತ ಟೀಚರ್ ಕೇಳಿದ್ರು, ಕುರಿ ಕಾಯ್ತಾರೆ ಅಂದೆ. ನನ್ನ ಕಿಟಕಿ ಪಕ್ಕ ಕೂರಿಸಿದ್ರು, ವಾಸನೆ ಬರ್ತೈತೆ ಅಂತ. ಒಂದು ವರ್ಷ ಪೂರ್ತಿ ನಾನು ಎದ್ದುನಿಂತ್ರೆ ಕ್ಲಾಸೆಲ್ಲ ‘ಮ್ಯಾ’ ಅಂತಿತ್ತು. ಅಪ್ಪನಿಗೆ ಗೊತ್ತಾದ ದಿನ ಅವರು ಊಟ ಮಾಡ್ಲಿಲ್ಲ. ಹದಿನೈದು ದಿನದಾಗೆ ಮಂದೆ ಮಾರಿದೆ ಅಂದ್ರು, ಅಂಗಡಿ ಹಾಕಿದ್ರು. ಅವತ್ತಿಂದ ನಮ್ಮನೇಲಿ ಕುರಿ ಅನ್ನೋ ಮಾತೇ ಇಲ್ಲ. ಅವರು ಮುಚ್ಚಿಟ್ಟಿದ್ದು ನಾಚ್ಕೆಗಲ್ಲ ಕಣೋ, ನನಗೋಸ್ಕರ! ನಿನಗೇನು ಗೊತ್ತು? ಎಲ್ಲೋ ದೂರದಾಗೆ ಕೂತ್ಕೊಂಡು ನಮ್ಮ ಮೇಲೆ ಸಿಟ್ಟಾಗೋದು ಸುಲಭ!”

‘ಕಣೋ’ ಅಂದದ್ದು, ‘ನಿನಗೆ’ ಅಂದದ್ದು ಅವಳಿಗೆ ತಡವಾಗಿ ಹೊಳೆಯಿತು. ಕೆನ್ನೆ ಕೆಂಪಾಗಿ ಮುಖ ತಿರುಗಿಸಿಕೊಂಡಳು.

“ಆ ಟೀಚರ್ ಮಟನ್ ತಿಂತಿದ್ರಾ?” ಈರೇಶ ಕೇಳಿದ.

“ಏನು?”

“ಭಾನುವಾರ ಮಟನ್ ಅಂಗಡಿ ಮುಂದೆ ಕ್ಯೂ ನಿಲ್ತಾರೆ. ಸೋಮವಾರ ಕುರಿ ವಾಸನೆ ಅಂತಾರೆ.” ಅವನ ದವಡೆ ಬಿಗಿದಿತ್ತು. “ನನ್ನ ಸಿಟ್ಟು ತಪ್ಪಲ್ಲ ಶಿಲ್ಪ. ದಾರಿ ತಪ್ಪಿ ನಿಮ್ಮನೆಗೆ ಬಂದಿತ್ತು ಅಷ್ಟೇ.”

ಅವಳು ಅವನ ಕಡೆ ತಿರುಗಿದಳು. ಆ ದಿನ ಮೊದಲ ಸಲ ಅವಳ ಕಣ್ಣಿನಲ್ಲಿ ಜಗಳವಿರಲಿಲ್ಲ. ಬಹಳ ಹೊತ್ತು ಅವನ ಮುಖವನ್ನು, ಕುತ್ತಿಗೆಯ ಹಿಂದೆ ಬಿಸಿಲಿಗೆ ಸುಟ್ಟ ಚರ್ಮವನ್ನು, ಗೆಣ್ಣುಗಳು ದಪ್ಪಗಾದ ಕೈಗಳನ್ನು ನೋಡಿದಳು.

“ಬರ್ರಿ. ಒಂದು ತೋರಿಸ್ತೀನಿ. ಯಾರಿಗೂ ಹೇಳ್ಬಾರ್ದು.”

ಬಂಡೆಗಳ ಹಿಂದೆ ಮುಳ್ಳುಬೇಲಿಯ ದೊಡ್ಡಿ. ಅದರೊಳಗೆ ಅರವತ್ತು ಕುರಿ. ಬೇವಿನ ನೆರಳಲ್ಲಿ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ ಮುದುಕಿ ಶಿಲ್ಪಳನ್ನು ಕಂಡು, “ರಾ ತಲ್ಲಿ, ಬಾ!” ಎಂದು ತೆಲುಗನ್ನೂ ಕನ್ನಡವನ್ನೂ ಕಲಸಿ ಕರೆಯಿತು. ಶಿಲ್ಪಳ ಸೋದರತ್ತೆ ಪಾತಮ್ಮ, ಚಿಕ್ಕೀರಪ್ಪನ ಅಕ್ಕ.

“ಅಪ್ಪ ಮಂದೆ ಪೂರ್ತಿ ಮಾರಿರ್ಲಿಲ್ಲ,” ಶಿಲ್ಪ ಪಿಸುಗುಟ್ಟಿದಳು. “ಪ್ರತಿ ಭಾನುವಾರ ಸೈಟ್ ನೋಡ್ಕೊಂಡು ಬರ್ತೀನಿ ಅಂತ ಕಾರ್ ತಗೊಂಡು ಬರ್ತಾರೆ. ಇಲ್ಲಿ ಪ್ಯಾಂಟ್ ಬಿಚ್ಚಿಟ್ಟು ಲುಂಗಿ ಉಟ್ಟು ಸಂಜೀಗಂಟ ಕುರಿ ಹಿಂದೆ ಓಡಾಡ್ತಾರೆ. ನನಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ.”

ಈರೇಶ ಅಷ್ಟರಲ್ಲೇ ಬೇಲಿ ದಾಟಿ ಒಳಗಿದ್ದ. ಒಂದು ಕುರಿಯ ಬೆನ್ನಿನ ಉಣ್ಣೆಯೊಳಗೆ ಬೆರಳು ತೂರಿಸಿ ನೋಡಿ ಮುಖ ಗಂಟಿಕ್ಕಿದ. ಮುದ್ದೆ ಮುದ್ದೆಯಾಗಿ ಜಡೆಗಟ್ಟಿತ್ತು, ಕೆಳಗೆ ಚರ್ಮ ಬೆಂದಂತಿತ್ತು.

“ಕತ್ತರಿಸಿ ಎಷ್ಟು ದಿನ ಆತು ಅಜ್ಜಿ?”

“ಹೋದ ವರ್ಷ ಕಣಪ್ಪ. ಕತ್ತರಿಸೋರು ಎಲ್ಲಿ ಅದಾರೆ? ಎಲ್ಲಾ ಬಿಲ್ಡಿಂಗ್ ಕೆಲ್ಸಕ್ಕೆ ಹೋದ್ರು. ನನ್ನ ಕೈ ನಡುಗ್ತೈತೆ.”

“ಕತ್ತರಿ ಐತಾ?”

“ಐತೆ. ಮೊಂಡಾಗೈತೆ.”

“ನಾನು ಸಾಣೆ ಹಿಡೀತೀನಿ. ನಾಳೆ ಬೆಳಿಗ್ಗೆ ಬರ್ತೀನಿ.”

“ನಾಳೆ ಭಾನುವಾರ,” ಶಿಲ್ಪ ಎಚ್ಚರಿಸಿದಳು.

“ಗೊತ್ತು,” ಅಂದ ಈರೇಶ.

*

ಮರುದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಇಪ್ಪತ್ತು ಕುರಿ ಮುಗಿದಿತ್ತು. ಇಲ್ಲಿನವರ ಹಾಗೆ ಅವನು ಕಾಲು ಕಟ್ಟಿ ಕೆಡವಲಿಲ್ಲ. ಕುರಿಯನ್ನು ಮಗುವಿನಂತೆ ಅಂಡಿನ ಮೇಲೆ ಕೂರಿಸಿ, ತನ್ನ ಮೊಣಕಾಲಿಗೆ ಅದರ ಬೆನ್ನು ಒರಗಿಸಿಕೊಂಡ. ಹೊಟ್ಟೆಯಿಂದ ಶುರುವಾದ ಕತ್ತರಿ ಪಕ್ಕೆ ಸುತ್ತಿ ಬೆನ್ನಿಗೆ ಹೋಗುತ್ತಿತ್ತು. ಉಣ್ಣೆ ಒಂದೇ ಹಾಸಾಗಿ ಕಳಚಿ ಬೀಳುತ್ತಿತ್ತು. ಕುರಿ ಅರೆಗಣ್ಣು ಮುಚ್ಚಿ ಸುಮ್ಮನಿರುತ್ತಿತ್ತು.

“ಬಾಗುಂದಿ, ಚಲೋ ಐತೆ!” ಪಾತಮ್ಮ ತಲೆದೂಗಿದಳು.

ಬಿದ್ದ ಉಣ್ಣೆಯನ್ನು ಎತ್ತಿಡಲು ಶಿಲ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಅವಳ ಮೂಗಿನ ತುದಿಗೆ ಉಣ್ಣೆಯ ಎಳೆಯೊಂದು ಅಂಟಿತ್ತು. ಈರೇಶನ ಎರಡೂ ಕೈ ಕುರಿಯ ಮೇಲಿತ್ತು. ಅವನು ಮೆಲ್ಲಗೆ ಊದಿದ. ಎಳೆ ಹಾರಿತು. ಅವಳು ಕಣ್ಣು ಮುಚ್ಚಿ ತೆರೆದಳು.

“ಕುರಿ ಕಡೆ ನೋಡ್ರಿ. ಗಾಯ ಆಗ್ತೈತೆ.”

“ಯಾರಿಗೆ?”

“ಇಬ್ಬರಿಗೂ,” ಅಂದವಳು ನಗು ಮರೆಸಲು ಉಣ್ಣೆಯ ಕಂತೆ ಎತ್ತಿಕೊಂಡು ಎದ್ದುಹೋದಳು.

ಆಗಲೇ ಕಾರು ಬಂದು ನಿಂತಿತು.

ಚಿಕ್ಕೀರಪ್ಪ ಇಳಿದರು. ಕಾರಿನಲ್ಲೇ ಬಟ್ಟೆ ಬದಲಿಸಿದ್ದರು. ಮಾಸಿದ ಲುಂಗಿ, ತಲೆಗೆ ಟವೆಲು. ದೊಡ್ಡಿಯೊಳಗೆ ಈರೇಶನನ್ನು ಕಂಡವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಟವೆಲು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡರು. ಮರುಕ್ಷಣ ಮುಖ ಕೆಂಡವಾಯಿತು.

“ಮೊನ್ನೆ ಮನೇಲಿ ನನ್ನ ಮಾನ ಕಳೆದೆ. ಈಗ ಇಲ್ಲಿಗೂ ಬಂದ್ಯೇನಲೇ? ಯಾರು ಹೇಳಿದ್ದು ನಿನಗೆ?”

“ಇದೊಂದು ಮುಗಿಸ್ತೀನಿ. ಆಮೇಲೆ ಬೈರಿ,” ಈರೇಶ ತಲೆ ಎತ್ತಲಿಲ್ಲ. “ಅರ್ಧಕ್ಕೆ ಬಿಟ್ರೆ ಇದಕ್ಕೆ ಹಿಂಸೆ ಆಗ್ತೈತೆ.”

ಅದು ಕುರಿಗಾರನಿಗೆ ಕುರಿಗಾರ ಹೇಳಿದ ಮಾತು. ಚಿಕ್ಕೀರಪ್ಪ ಬೇಲಿಯ ಪಕ್ಕ ನಿಂತು ನೋಡಿದರು. ಕತ್ತರಿ ಕುತ್ತಿಗೆಯ ಮಡಿಕೆಗಳನ್ನು ದಾಟಿ, ಕಿವಿಯ ಹಿಂದೆ ಸುಳಿದು, ಕೊನೆಯ ಎಳೆ ಬಿಡಿಸಿತು. ಹಗುರಾದ ಕುರಿ ಎದ್ದು ಮೈ ಕೊಡವಿತು.

ಈರೇಶ ಎದ್ದು ಬಂದು ಅವರ ಮುಂದೆ ನಿಂತ. “ತಪ್ಪಾಯ್ತು. ಮ್ಯಾನೇಜರ್ ಅಲ್ಲ ಅಂದಿದ್ದಕ್ಕಲ್ಲ. ನಿಮ್ಮ ಕಷ್ಟ ಗೊತ್ತಿಲ್ದೇ ನಿಮ್ಮನ್ನ ಚುಚ್ಚಿದ್ದಕ್ಕೆ.”

“ನನ್ನ ಕಷ್ಟ ಯಾರು ಹೇಳಿದ್ರು?”

“ನಾನು.” ಬೇವಿನ ಮರದ ಹಿಂದಿನಿಂದ ಶಿಲ್ಪ ಬಂದಳು. ಸಲ್ವಾರಿನ ತುಂಬ ಉಣ್ಣೆ.

ಅಪ್ಪ ಮಗಳನ್ನು ನೋಡಿದರು. ಹದಿನೇಳು ವರ್ಷದಿಂದ ಕಾಪಾಡಿದ ಗುಟ್ಟು ಅವಳ ಮೈತುಂಬ ಮೆತ್ತಿಕೊಂಡಿತ್ತು.

“ಕಾಲೇಜಿಗೆ ಹೋಗುವಾಗ್ಲಿಂದ ಗೊತ್ತು ಅಪ್ಪ. ಭಾನುವಾರ ನಿಮ್ಮ ಮೈ ವಾಸನೆ ನನಗೆ ಗೊತ್ತಾಗಲ್ವಾ?”

“ನಿನ್ನ ಮುಂದೆ ಕುರಿ ಮಾತು ಎತ್ತಬಾರ್ದು ಅಂತ...” ಚಿಕ್ಕೀರಪ್ಪನ ದನಿ ಒಡೆಯಿತು. “ಅವರು ನಿನ್ನ ನೋಡಿ ನಕ್ಕರಲ್ಲವ್ವ.”

“ನಕ್ಕರು. ಹೋದ ವಾರ ನನ್ನ ಕ್ಲಾಸಲ್ಲಿ ಏನಾತು ಗೊತ್ತಾ? ಅಡ್ಮಿಶನ್ ಫಾರಂ ತುಂಬ್ತಿದ್ವಿ. ಹಟ್ಟಿಯಿಂದ ಬರೋ ಹುಡುಗಿ ಒಬ್ಬಳು ತಂದೆಯ ಉದ್ಯೋಗ ಅನ್ನೋ ಜಾಗ ಖಾಲಿ ಬಿಟ್ಟಿದ್ಲು. ಯಾಕಮ್ಮ ಅಂದೆ. ನೆಲ ನೋಡಿದ್ಲು. ನನಗೆ ತಿಳೀತು. ನಾನೇ ಪೆನ್ ತಗೊಂಡು ವ್ಯವಸಾಯ ಅಂತ ಬರೆದೆ.” ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಉರಿಯುತ್ತಿತ್ತು. “ಅವಳಿಗೆ ನಾಚ್ಕೆ ಪಡೋದು ನಾನೇ ಕಲಿಸ್ದಂಗಾತು ಅಪ್ಪ! ಆವತ್ತಿನ ಟೀಚರಿಗೂ ನನಗೂ ಏನು ವ್ಯತ್ಯಾಸ? ಅದೇ ವಾರ ಇವರು ಮನೆಗೆ ಬಂದು ಎಲ್ಲರ ಮುಂದೆ ಅಂದುಬಿಟ್ರು. ನನಗೆ ಕೋಪ ಬಂತು. ನಗೂನೂ ಬಂತು. ಹೊಟ್ಟೆಕಿಚ್ಚೂ ಆತು. ಇಷ್ಟು ವರ್ಷ ನಾನು ಹೇಳಬೇಕಾಗಿದ್ದ ಮಾತು ಅದು.”

ಬೋಳಾದ ಕುರಿಗಳು ಒಂದನ್ನೊಂದು ಗುರುತಿಸಲಾರದೆ ಮೂಸಿ ನೋಡುತ್ತಿದ್ದವು.

ಚಿಕ್ಕೀರಪ್ಪ ಬಗ್ಗಿ ಹತ್ತಿರದ ಕುರಿಯೊಂದರ ಪಕ್ಕೆಯ ಮೇಲೆ ಅಂಗೈ ಆಡಿಸಿದರು. ತೊಡೆಯ ಸಂದು, ಕೆಚ್ಚಲು, ಕುತ್ತಿಗೆಯ ಮಡಿಕೆ ಎಲ್ಲ ಹುಡುಕಿದರು.

“ಒಂದು ಗೀರೂ ಬಿದ್ದಿಲ್ಲ,” ಅಂದರು ತಮಗೆ ತಾವೇ ಹೇಳಿಕೊಂಡಂತೆ. “ದೊಡ್ಡೀರಪ್ಪನ ಕೈನೂ ಹಿಂಗೇ ಇತ್ತು.” ಆಮೇಲೆ ಟವೆಲನ್ನು ಮತ್ತೆ ತಲೆಗೆ ಸುತ್ತಿ ಗದರಿದರು, “ಇನ್ನೂ ನಲವತ್ತು ಉಳಿದಾವೆ. ನಿಂತ್ಕೊಂಡು ಏನು ನೋಡ್ತೀಯಾ? ನಾನು ಹಿಡ್ಕೊಡ್ತೀನಿ, ಬಾ.”

“ಬರ್ತೀನಿ ಮಾವ,” ಅಂದ ಈರೇಶ.

*

ಆಷಾಢ ಬರುವುದರೊಳಗೆ ಮಾತುಕತೆ ಮುಗಿಸಬೇಕೆಂದು ಎರಡೂ ಕಡೆಯವರು ಚಳ್ಳಕೆರೆಯ ಮನೆಯಲ್ಲಿ ಸೇರಿದರು. ಎಲೆ ಅಡಿಕೆ ತಟ್ಟೆ ಇಟ್ಟದ್ದೇ ಚಿಕ್ಕೀರಪ್ಪನ ಷಡ್ಡಕ, ದೊಡ್ಡ ದನಿಯ ತಿಪ್ಪೇರುದ್ರ, “ಹುಡುಗ ಫಾರಿನ್ನಾಗೆ ಏನು ಕೆಲ್ಸ ಅಂದ್ರಿ?” ಎಂದು ಕೇಳಿದ.

ಗಾದ್ರಪ್ಪ ಬಾಯಿ ತೆರೆದ. ಅವನಿಗಿಂತ ಮೊದಲೇ ಚಿಕ್ಕೀರಪ್ಪ ಹೇಳಿದರು.

“ಕುರಿ ಉಣ್ಣೆ ಕತ್ತರಿಸ್ತಾನೆ.”

ತಿಪ್ಪೇರುದ್ರ ನಕ್ಕ. “ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೇ ಮಾಡಬಹುದಿತ್ತಲ್ಲ!”

“ಇಲ್ಲಿ ಮಾಡಿದ್ರೆ ನಿನ್ನಂಥೋರು ನಗ್ತೀರಲ್ಲ, ಅದಕ್ಕೆ ಹೋದ,” ಚಿಕ್ಕೀರಪ್ಪ ಎದ್ದುನಿಂತರು. “ನಾನೂ ಕುರಿ ಕಾದೋನೇ. ನಮ್ಮಪ್ಪನೂ ಕಾದೋನೇ. ಸಿದ್ದಾಪುರದಾಗೆ ಈಗಲೂ ಅರವತ್ತು ಕುರಿ ಅದಾವೆ ನನ್ನವು. ನಿನ್ನ ಮಗಳ ಮದುವೇಲಿ ಬಡಿಸಿದ ಬಾಡು ಎಲ್ಲಿಂದ ಬಂತು ಅಂತ ಕೇಳಿದ್ಯಾ ಯಾವತ್ತಾದ್ರೂ? ತಿನ್ನುವಾಗ ರುಚಿ, ಹೇಳುವಾಗ ವಾಸನೆ! ಇಷ್ಟ ಇದ್ರೆ ಕೂತ್ಕೊಂಡು ಎಲೆ ಹಾಕ್ಕೋ. ಇಲ್ದಿದ್ರೆ ಎದ್ದು ಹೋಗು.”

ತಿಪ್ಪೇರುದ್ರ ಎಲೆಗೆ ಸುಣ್ಣ ಹಚ್ಚತೊಡಗಿದ. ಮೂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿಲ್ಪ ಅಪ್ಪನನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕಣ್ಣು ಈರೇಶನ ಕಡೆ ಹೊರಳಿ, ಒಂದು ಗಳಿಗೆ ನಿಂತು, ತಾನಾಗಿ ಕೆಳಗಿಳಿಯಿತು.

*

ಶ್ರಾವಣದಲ್ಲಿ ಮದುವೆಯಾಯಿತು. ಎರಡು ವಾರ ಕಳೆದು ಈರೇಶ ನ್ಯೂಜಿಲೆಂಡಿಗೆ ಹೊರಡಬೇಕಿತ್ತು. ಏಪ್ರಿಲ್‌ವರೆಗೆ ಕೆಲಸ ಮಾಡುವುದಾಗಿ ಅಲ್ಲಿನ ಯಜಮಾನನಿಗೆ ಮಾತು ಕೊಟ್ಟಿದ್ದ. ಆಮೇಲಿನದು ಇಬ್ಬರೂ ಇನ್ನೂ ತೀರ್ಮಾನಿಸಿರಲಿಲ್ಲ. ಹೊರಡುವ ಹಿಂದಿನ ದಿನ ಇಬ್ಬರೂ ಪಾತಮ್ಮನನ್ನು ಕಂಡು ಬರಲು ಹೋದರು. ಎರಡು ಮಳೆ ಬಿದ್ದು ಬಂಡೆಗಳ ಸಂದಿಯಲ್ಲಿ ಹುಲ್ಲು ಚಿಗುರಿತ್ತು. ಕುರಿಗಳ ಮೈಯಲ್ಲಿ ಬೆರಳಗಲದ ಹೊಸ ಉಣ್ಣೆ.

“ನಾನು ಅಲ್ಲಿ ಇದ್ದುಬಿಡಲ್ಲ,” ಅಂದ ಈರೇಶ. “ಒಂದು ಮೆಷಿನ್ ತರ್ತೀನಿ. ಹಟ್ಟಿ ಹಟ್ಟಿಗೆ ಹೋಗಿ ಕತ್ತರಿಸ್ತೀನಿ. ಉಣ್ಣೆ ಯಾರೂ ಕೊಳ್ಳದಿದ್ರೂ ಕುರಿಗಾದ್ರೂ ಸೆಕೆ ತಪ್ಪುತ್ತೆ.”

“ನನಗೋಸ್ಕರ ಅಂತ ಬರ್ಬ್ಯಾಡ್ರಿ. ಆಮೇಲೆ ದಿನಾ ಹೇಳಿ ತೋರಿಸ್ತೀರಿ.”

“ನಿನಗೋಸ್ಕರ ಅಲ್ಲ.”

“ಅಲ್ವಾ?” ಅವಳ ಹುಬ್ಬು ಮೇಲಕ್ಕೆ ಹೋಯಿತು.

“ಸ್ವಲ್ಪ ನಿನಗೋಸ್ಕರ.”

ಅವಳು ಬಂಡೆಯ ಮೇಲೆ ಜಾಗ ಮಾಡಿ ಅವನನ್ನು ಪಕ್ಕಕ್ಕೆ ಎಳೆದುಕೊಂಡಳು. “ಬೇಸಿಗೆ ರಜೆಗೆ ಮೊದಲು ನಾನೇ ಬರ್ತೀನಿ. ರಜಾ ಹಾಕ್ತೀನಿ. ಆ ಶೆಡ್ಡು, ನಿಮ್ಮ ಯಜಮಾನನ ಬೂಟು, ಬಾಗಿಲು ಹಾಕ್ಕೊಂಡೋರು ಎಲ್ಲಾ ನೋಡ್ಬೇಕು ನನಗೆ. ನೋಡಿದ ಮೇಲೆ ಇಬ್ಬರೂ ಕೂತು ತೀರ್ಮಾನ ಮಾಡಾಣ.”

“ಅಲ್ಲಿ ಇಷ್ಟ ಆಗದಿದ್ರೆ?”

“ಬೈತೀನಿ. ಆ ದೇಶಾನೂ ಬೈತೀನಿ, ನಿಮ್ಮನ್ನೂ ಬೈತೀನಿ.”

“ಇಷ್ಟ ಆದ್ರೆ?”

“ಆಗ್ಲೂ ಬೈತೀನಿ.” ಶಿಲ್ಪ ಅವನ ಅಂಗೈ ತಿರುಗಿಸಿ, ಕತ್ತರಿ ಹಿಡಿದು ಜಡ್ಡುಗಟ್ಟಿದ ಜಾಗದ ಮೇಲೆ ತನ್ನ ಹೆಬ್ಬೆರಳು ಒತ್ತಿದಳು. “ಗೊತ್ತಿಲ್ದೋರ ಮೇಲೆ ನಾನು ಸಿಟ್ಟು ಮಾಡಲ್ಲ. ನನ್ನೋರು ಅನ್ನಿಸ್ದೋರ ಮೇಲೆ ಮಾತ್ರ.”

ಈರೇಶ ಲೆಕ್ಕ ಹಾಕಿದ. “ಅಂದ್ರೆ ನೀನು ಮೊದಲ ದಿನಾನೇ ತಟ್ಟೆ ಕುಕ್ಕಿದ್ದು...”

“ಸುಮ್ನಿರ್ರಿ,” ಅಂದಳು ಅವಳು, ಅವನ ಕೈ ಬಿಡದೆ. “ಅತ್ತೆ ನೋಡ್ತಾ ಅದಾರೆ.”